ಪತ್ತೇದಾರ ಎನಿಸಿಕೊಳ್ಳಲು ಹುದ್ದೆ ಬೇಕೇ?

ಪತ್ರ: ಬೀದಿಯ ನೀರಿನ ಕೊಳವೆ ಎಲ್ಲಿ ಸೋರುತ್ತಿದೆಯೆಂದು ಕಂಡುಹಿಡಿದ ನಿವೃತ್ತ ಶಿಕ್ಷಕಿಯೊಬ್ಬರನ್ನು ಕಳೆದ ಸಂಚಿಕೆಯಲ್ಲಿ 'ಪತ್ತೇದಾರರು' ಎಂದು ಕರೆದಿದ್ದೀರಿ. ತಹಶೀಲ್ದಾರ, ಅಮಲ್ದಾರರಂತೆ ಇದೂ ಅಧಿಕಾರ ಸೂಚಿಸುವ ಪದವಲ್ಲವೇ? ಹವ್ಯಾಸಿಗಳಿಗೆ ಹೇಗೆ ಒಪ್ಪುತ್ತದೆ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಒಂದು ಪದಕ್ಕಾಗಿ ಪತ್ರ ಬರೆಯುವ ಓದುಗರು ಈಗ ಅಪರೂಪ, ನಿಮ್ಮ ಪತ್ರದಿಂದ ಸಂತೋಷವಾಯಿತು. ಅಪರಾಧದ ತನಿಖೆಗೆ ಕಾನೂನಿನ ಅಧಿಕಾರ ಬೇಕು, ಅದನ್ನು ಒಪ್ಪುತ್ತೇನೆ. ಆದರೆ ಪದದ ಜಾಡಿನಲ್ಲಿ ನೀವು ಅರ್ಧ ದಾರಿಗೇ ನಿಂತುಬಿಟ್ಟಿರಿ. ಪಾರಸಿಯ 'ದಾರ' ಪ್ರತ್ಯಯಕ್ಕೆ 'ಹೊಂದಿರುವವನು' ಎಂಬುದಷ್ಟೇ ಅರ್ಥ. ತಹಶೀಲ್ದಾರರಿಗೆ ಕಚೇರಿಯಿದೆ, ನಿಜ; ಪಾಲುದಾರನಿಗೂ ಬಾಡಿಗೆದಾರನಿಗೂ ಯಾವ ಸರ್ಕಾರ ಮೊಹರು ಕೊಟ್ಟಿದೆ? ಅರಸನ ಚಾಕರಿಯಲ್ಲಿದ್ದವನಿಗೆ ಬೇಹುಗಾರ, ಗೂಢಚಾರ ಎಂಬ ಬೇರೆ ಹೆಸರುಗಳೇ ನಮ್ಮಲ್ಲಿವೆ.

ಪತ್ತೇದಾರನಿಗೆ ಇಂಗ್ಲಿಷಿನಲ್ಲಿರುವ 'ಸ್ಲೂತ್' ಎಂಬ ಪದ ಕೂಡ ಹುದ್ದೆಯಿಂದ ಹುಟ್ಟಿದ್ದಲ್ಲ. ಹಳೆಯ ನಾರ್ಸ್ ಭಾಷೆಯಲ್ಲಿ ಅದರ ಮೂಲಕ್ಕೆ ಜಾಡು ಎಂದರ್ಥ. ಸ್ಕಾಟ್ಲೆಂಡಿನಲ್ಲಿ ವಾಸನೆ ಹಿಡಿದು ಓಡುವ ನಾಯಿ 'ಸ್ಲೂತ್‌ಹೌಂಡ್' ಆಯಿತು. 19ನೇ ಶತಮಾನದ ಅಮೆರಿಕದಲ್ಲಿ ಆ ಹೆಸರು ಮನುಷ್ಯನಿಗೆ ಬಂತು. 1887ರಲ್ಲಿ ಓದುಗರೆದುರು ಬಂದ ಷರ್ಲಾಕ್ ಹೋಮ್ಸ್ ಪೊಲೀಸ್ ಇಲಾಖೆಯ ಸಂಬಳದವನಾಗಿರಲಿಲ್ಲ.

ನಮ್ಮ ಸೋದರತ್ತೆಯ ಮನೆಯಲ್ಲಿ ಓಲೆಯೊಂದು ಕಾಣೆಯಾದಾಗ ಎಲ್ಲರ ಕಣ್ಣೂ ಕೆಲಸದ ಹುಡುಗಿಯ ಮೇಲೆ ಬಿತ್ತು. ಅತ್ತೆ ಮಾತ್ರ, ಓಲೆ ಕಿವಿಯಲ್ಲಿದ್ದದ್ದನ್ನು ಕೊನೆಗೆ ಕಂಡವರು ಯಾರು, ಆ ದಿನ ಎಣ್ಣೆಸ್ನಾನ ಯಾವ ಹೊತ್ತಿಗಾಯಿತು ಎಂದು ಒಂದೊಂದಾಗಿ ಕೇಳುತ್ತ ಬಚ್ಚಲಿಗೆ ಹೋಗಿ, ಮೋರಿಯ ಬಾಯಲ್ಲಿ ಗಟ್ಟಿಯಾಗಿದ್ದ ಸೀಗೆಪುಡಿಯ ಮಡ್ಡಿಯನ್ನು ಬೆರಳಿನಿಂದ ಬಿಡಿಸಿ, ಅದರೊಳಗಿದ್ದ ಓಲೆಯನ್ನು ಹೊರತೆಗೆದರು. ಆ ಹುಡುಗಿ ಅಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತದ್ದು ನನಗಿನ್ನೂ ನೆನಪಿದೆ. ನನ್ನ ಮಟ್ಟಿಗೆ ಪತ್ತೇದಾರರೆಂದರೆ ಮೊದಲು ಅತ್ತೆಯೇ.

ಎನ್. ನರಸಿಂಹಯ್ಯನವರ ಕಾದಂಬರಿಗಳು ಮನೆಮನೆಗೆ ಮುಟ್ಟಿಸಿದ ಈ ಪದವನ್ನು ನಾವು ಈಗ ಕೊಂಕಿಗೆ ಇಟ್ಟುಕೊಂಡಿದ್ದೇವೆ ಎಂಬುದೇ ನನ್ನ ಸಂಕಟ. ನಾಲ್ಕು ಪ್ರಶ್ನೆ ಕೇಳಿದ ಮಗುವಿಗೆ 'ಸಾಕು ನಿನ್ನ ಪತ್ತೇದಾರಿಕೆ' ಎನ್ನುತ್ತೇವೆ. ಬೆಂಗಳೂರಿನ ಇಂಗ್ಲಿಷ್ ಪತ್ರಿಕೆಗಳಲ್ಲಿ ದಾಳಿಗೆ ಹೋದ ಅಧಿಕಾರಿಗಳೆಲ್ಲ 'ಸ್ಲೂತ್' ಆಗುತ್ತಾರೆ; ಹಣ ಪಡೆದು ವಧೂವರರ ಹಿನ್ನೆಲೆ ವಿಚಾರಿಸುವವರು 'ಡಿಟೆಕ್ಟಿವ್' ಎಂದು ಫಲಕ ತೂಗುಹಾಕುತ್ತಾರೆ. ಕನ್ನಡದ ಹೆಸರು ಮಾತ್ರ ಗೇಲಿಗೆ ಸಿಕ್ಕಿದೆ.

ಆ ಶಿಕ್ಷಕಿ ಮೂರು ರಾತ್ರಿ, ಬೀದಿಯ ಸದ್ದಡಗಿದ ಮೇಲೆ, ಒಂದೊಂದೇ ಮನೆಯ ಮುಂದೆ ಕೊಳವೆಗೆ ಕಿವಿಯಿಟ್ಟು ನೀರು ಹರಿಯುವ ಸದ್ದನ್ನು ಆಲಿಸಿದ್ದಾರೆ. ಅವರಿಗೆ ಕೊಟ್ಟ ಪದವನ್ನು ನಾನು ಹಿಂದಕ್ಕೆ ಪಡೆಯಲಾರೆ.