ಮಾವನ ಬೀಡಿ ಹೊಗೆಯಿಂದ ಅತ್ತೆಗೆ ಮರೆವು ಬಂದಿರಬಹುದೇ?

ನಿಮ್ಮ ಪ್ರಶ್ನೆ ಇದು: ಮಾವ ದಶಕಗಳಿಂದ ಪಡಸಾಲೆಯಲ್ಲಿ ಕುಳಿತು ಬೀಡಿ ಸೇದುತ್ತಾರೆ, ಬೀಡಿ ಮುಟ್ಟದ ಅತ್ತೆಗೆ ಈಗ ಮರೆವು ಹೆಚ್ಚಾಗಿದೆ, ಹೊಗೆಯೇ ಕಾರಣವೇ?

ನಾನು ವೈದ್ಯೆಯಲ್ಲ. ಬೀಡಿ ಸೇದುವ ಅಪ್ಪನ ಮಗಳಾಗಿ ಈ ವಿಷಯವನ್ನು ಒಂದಷ್ಟು ಓದಿಕೊಂಡಿದ್ದೇನೆ. ಹೊಗೆಯ ಪಾಲು ಇರಬಹುದು. ಆದರೆ ನಿಮ್ಮ ಅತ್ತೆಯ ಮರೆವಿಗೆ ಅದೇ ಕಾರಣವೆಂದು ಯಾರೂ ಬೆರಳು ಮಾಡಿ ತೋರಿಸಲಾರರು.

2009ರಲ್ಲಿ ಇಂಗ್ಲೆಂಡಿನ ಒಂದು ಅಧ್ಯಯನ ಪ್ರಕಟವಾಯಿತು. 50 ದಾಟಿದ, ಧೂಮಪಾನ ಮಾಡದ 4,809 ಮಂದಿಯ ಜೊಲ್ಲಿನಲ್ಲಿ ಕೋಟಿನಿನ್ ಎಷ್ಟಿದೆ ಎಂದು ಅಳೆದಿದ್ದರು. ನಿಕೋಟಿನ್ ದೇಹದೊಳಗೆ ಹೋದ ಮೇಲೆ ಉಂಟಾಗುವ ವಸ್ತು ಇದು. ಹೀಗಾಗಿ «ನಮ್ಮ ಮನೆಯಲ್ಲಿ ಅಷ್ಟೇನೂ ಹೊಗೆ ಇರುವುದಿಲ್ಲ» ಎಂಬ ಬಾಯಿಮಾತನ್ನು ನೆಚ್ಚಿಕೊಳ್ಳಬೇಕಾಗಿರಲಿಲ್ಲ. ಕೋಟಿನಿನ್ ಅತಿ ಹೆಚ್ಚಿದ್ದ ಕಾಲು ಭಾಗದ ಜನರಲ್ಲಿ ನೆನಪು ಮತ್ತು ಗ್ರಹಿಕೆ ಕುಂದಿರುವ ಸಂಭವ, ಅತಿ ಕಡಿಮೆ ಇದ್ದವರಿಗಿಂತ ಸುಮಾರು 44% ಹೆಚ್ಚು ಕಂಡಿತು. ಆದರೆ ಕೋಟಿನಿನ್ ತೋರಿಸುವುದು ಈಚಿನ ಕೆಲವು ದಿನಗಳ ಹೊಗೆಯನ್ನು ಮಾತ್ರ. ಜೊತೆಗೆ ಜನರನ್ನು ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನ ಅದಲ್ಲ. ಅದರಿಂದ ನಂಟು ಗೊತ್ತಾಗುತ್ತದೆ, ಕಾರಣ ಸಾಬೀತಾಗುವುದಿಲ್ಲ.

ಹಾಗೆಂದು ತಳ್ಳಿಹಾಕುವಂತೆಯೂ ಇಲ್ಲ. ಬೇರೆಯವರು ಬಿಟ್ಟ ಹೊಗೆ ಹೃದ್ರೋಗಕ್ಕೂ ಪಾರ್ಶ್ವವಾಯುವಿಗೂ ಕಾರಣವಾಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ರಕ್ತನಾಳಗಳು ಕೆಟ್ಟರೆ ಮಿದುಳು ಸುಮ್ಮನಿರುತ್ತದೆಯೇ?

ಕಿಟಕಿ ತೆರೆದಿಟ್ಟರೆ ಸಾಕು ಎಂಬ ಮಾತನ್ನಂತೂ ನಂಬಬೇಡಿ. ನಮ್ಮ ಮನೆಯಲ್ಲೂ ಬಹುಕಾಲ ಅದೇ ವಾದ ನಡೆದಿತ್ತು. ಕಿಟಕಿಯಾಗಲಿ ಫ್ಯಾನಾಗಲಿ ಹೊಗೆಯನ್ನು ಪೂರ್ತಿ ತೆಗೆಯುವುದಿಲ್ಲ, ಇಷ್ಟು ಹೊಗೆಯಾದರೆ ಅಪಾಯವಿಲ್ಲ ಎಂಬ ಅಳತೆಯೂ ಇಲ್ಲ ಎಂದು ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ ವರದಿ 2006ರಲ್ಲೇ ಸ್ಪಷ್ಟವಾಗಿ ಹೇಳಿದೆ. ಬೀಡಿ ಹೊಸ್ತಿಲಾಚೆ, ಅಂಗಳಕ್ಕೆ ಹೋಗಬೇಕು. ಮಾವನಿಗೆ ಇದನ್ನು ಸೊಸೆ ಹೇಳುವುದಕ್ಕಿಂತ ಮಗ ಹೇಳಿದರೆ ಜಗಳ ಕಡಿಮೆ. «ನಿಮ್ಮಿಂದಲೇ ಅಮ್ಮನಿಗೆ ಹೀಗಾಯಿತು» ಎಂದು ಮಾತ್ರ ಬೇಡ. ಅದು ನಿಜವೋ ಅಲ್ಲವೋ ತಿಳಿಯದು, ಮುದುಕರ ಮನಸ್ಸು ಒಡೆಯುವುದಂತೂ ಖಂಡಿತ. ಅವರಿಗೇ ಬಿಡುವ ಮನಸ್ಸಿದ್ದರೆ 1800-11-2356 ಎಂಬ ಉಚಿತ ಸಹಾಯವಾಣಿ ಇದೆ.

ಇದಕ್ಕಿಂತ ತುರ್ತು ಕೆಲಸ ಅತ್ತೆಯವರನ್ನು ವೈದ್ಯರಿಗೆ ತೋರಿಸುವುದು. ಎಲ್ಲವನ್ನೂ ಹೊಗೆಯ ತಲೆಗೆ ಕಟ್ಟಿ ಕುಳಿತರೆ ಚಿಕಿತ್ಸೆಯಿಂದ ಸುಧಾರಿಸಬಹುದಾದ ಕಾರಣ ತಪ್ಪಿಹೋಗಬಹುದು. ವಿಟಮಿನ್ ಬಿ12 ಕೊರತೆ (ಸಸ್ಯಾಹಾರಿಗಳಲ್ಲಿ ಇದು ಅಪರೂಪವೇನಲ್ಲ), ಥೈರಾಯ್ಡ್, ಖಿನ್ನತೆ, ನಿದ್ದೆ ಮಾತ್ರೆ, ಇವೆಲ್ಲವೂ ಮರೆವಿನಂತೆ ಕಾಣಿಸಿಕೊಳ್ಳುತ್ತವೆ. ಕಿವಿ ಮಂದವಾಗಿದ್ದರೂ ಹಾಗೆಯೇ: ಕೇಳಿಸಿಕೊಳ್ಳದ ಮಾತು ನೆನಪಿನಲ್ಲಿ ಉಳಿಯುವುದಾದರೂ ಹೇಗೆ? ರಕ್ತದೊತ್ತಡ, ಸಕ್ಕರೆಯನ್ನೂ ನೋಡಿಸಿ. ಒಂದೆರಡು ದಿನದಲ್ಲೇ ಗೊಂದಲ ಹೆಚ್ಚಿದರೆ, ಮಾತು ತೊದಲಿದರೆ, ಬಾಯಿ ಸೊಟ್ಟಗಾದರೆ ಕಾಯಬೇಡಿ, ಕೂಡಲೇ ಆಸ್ಪತ್ರೆಗೆ ಕರೆದೊಯ್ಯಿರಿ.

ಹೋಗುವಾಗ ಅವರು ನುಂಗುವ ಎಲ್ಲ ಮಾತ್ರೆಗಳನ್ನೂ ಚೀಲದಲ್ಲಿ ಹಾಕಿಕೊಳ್ಳಿ. ಮನೆಯೊಳಗಿನ ಬೀಡಿಯ ವಿಷಯವನ್ನು ನೀವಾಗಿಯೇ ಹೇಳಿ. ರೋಗಿ ಸೇದುವುದಿಲ್ಲ ಎಂದ ಮೇಲೆ ವೈದ್ಯರು ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟುಬಿಡಬಹುದು.