ಥಂಡಿಗೂ ಮನಸ್ಸಿಗೂ ಏನು ನಂಟು?

ಡಿಸೆಂಬರ್ ಬಂತಲ್ಲ, ಈ ಸಲ ಬಂದ ಪತ್ರಗಳಲ್ಲಿ ಥಂಡಿಯದೇ ಮಾತು. ಹಾಗಾಗಿ ಮಂಡಿನೋವು, ಅತ್ತೆ-ಸೊಸೆ ಎಲ್ಲ ಮುಂದಿನ ಸಂಚಿಕೆಗೆ. ಬೆಳಗಾವಿಯಲ್ಲಿ ಮನೋವೈದ್ಯೆಯಾಗಿ ಕಂಡಿದ್ದು, ಓದಿದ್ದು ಹೇಳುತ್ತೇನೆ. ಗುಳಿಗೆಯ ಹೆಸರು ಮಾತ್ರ ಕೇಳಬೇಡಿ, ಪತ್ರ ನೋಡಿ ಅದನ್ನು ಬರೆಯುವುದಿಲ್ಲ.

ಮಗ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಹೋದ ವರ್ಷ ನವೆಂಬರಿನಲ್ಲಿ ಸಪ್ಪಗಾದವನು ಏಪ್ರಿಲ್‌ಗೆ ಸರಿಹೋದ. ಈಗ ಮತ್ತೆ ಶುರು. ಫೋನ್ ಮಾಡಿದರೆ ಹ್ಞೂಂ, ಹ್ಞೂಂ ಅಷ್ಟೇ. ರಜೆ ದಿನ ಮಧ್ಯಾಹ್ನದ ತನಕ ಮಲಗಿದರೂ ದಣಿವು ಅಂತಾನೆ. ಬ್ರೆಡ್ಡು, ಚಾಕಲೇಟು ಜಾಸ್ತಿ ತಿಂತಾನೆ, ಮೈಯೂ ಬಂದಿದೆ. ಅವರಪ್ಪ, 'ಸೋಮಾರಿತನ, ಮದುವೆ ಮಾಡಿದರೆ ಸರಿಯಾಗ್ತಾನೆ' ಅಂತಾರೆ. ಥಂಡಿಗೆ ಮನಸ್ಸು ಕೆಡೋದು ನಿಜವಾ ಡಾಕ್ಟರೇ?
ಒಬ್ಬ ತಾಯಿ, ವಿಜಯಪುರ

ನಿಜ ಅಕ್ಕಾವ್ರೇ. ಆದರೆ ಇದರಲ್ಲಿ ಥಂಡಿಗಿಂತ ಕತ್ತಲೆಯ ಪಾಲೇ ದೊಡ್ಡದು. ನಿಮ್ಮ ವಿಜಯಪುರದಲ್ಲಿ ವರ್ಷದ ಅತಿ ಚಿಕ್ಕ ದಿನಕ್ಕೂ ಹನ್ನೊಂದು ಗಂಟೆ ಹಗಲಿರುತ್ತದೆ. ಹೆಲ್ಸಿಂಕಿಯಲ್ಲಿ ಡಿಸೆಂಬರ್ ಕೊನೆಗೆ ಸೂರ್ಯ ಹುಟ್ಟುವಾಗ ಬೆಳಿಗ್ಗೆ 9.20 ದಾಟಿರುತ್ತದೆ. ಮಧ್ಯಾಹ್ನ ಮೂರೂಕಾಲಿಗೆ ಮುಳುಗಿಯೂ ಆಯಿತು. ಅದರ ಮೇಲೆ ಮೋಡ. ಮಗ ಕತ್ತಲಲ್ಲಿ ಆಫೀಸಿಗೆ ಹೋಗಿ ಕತ್ತಲಲ್ಲೇ ಮನೆಗೆ ಬರುತ್ತಾನೆ.

ನಮ್ಮ ಕಣ್ಣಿನ ಹಿಂಪರದೆಯಲ್ಲಿ ಬೆಳಕು ಎಷ್ಟಿದೆ ಅಂತ ಅಳೆಯುವ ಜೀವಕೋಶಗಳಿವೆ. ಬೆಳಗಾಯಿತು ಅಂತ ಮೆದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುವುದು ಅವು. ಆ ಸುದ್ದಿ ತಡವಾದರೆ ಗಡಿಯಾರ ಹಿಂದೆ ಬೀಳುತ್ತದೆ. ರಾತ್ರಿಯ ಹಾರ್ಮೋನು ಮೆಲಟೋನಿನ್ ಬೆಳಿಗ್ಗೆ ಬೇಗ ಇಳಿಯುವುದಿಲ್ಲ. ಎದ್ದು ಮುಖ ತೊಳೆದು ಕಂಪ್ಯೂಟರ್ ಮುಂದೆ ಕೂತಿದ್ದರೂ ಮೈಗೆ ಇನ್ನೂ ನಡುರಾತ್ರಿ. ಎಲ್ಲರಿಗೂ ಹೀಗಾಗುವುದಿಲ್ಲ. ಕೆಲವರ ಮೈ ಇದನ್ನು ತಡೆಯುವುದಿಲ್ಲ.

ಈ ಕಾಯಿಲೆಗೆ ಸೀಸನಲ್ ಅಫೆಕ್ಟಿವ್ ಡಿಸಾರ್ಡರ್ ಅಂತ ಹೆಸರು. 1984ರಲ್ಲಿ ಅಮೆರಿಕದಲ್ಲಿ ನಾರ್ಮನ್ ರೋಸೆಂತಾಲ್ ಮತ್ತು ಅವರ ಜೊತೆಗಾರರು ಇದಕ್ಕೆ ಈ ಹೆಸರಿಟ್ಟು ವಿವರವಾಗಿ ಬರೆದರು. ರೋಸೆಂತಾಲ್ ಬೆಳೆದದ್ದು ದಕ್ಷಿಣ ಆಫ್ರಿಕಾದ ಬಿಸಿಲಿನಲ್ಲಿ. ನ್ಯೂಯಾರ್ಕಿಗೆ ಹೋದ ಮೇಲೆ ಚಳಿಗಾಲ ಬಂದಾಗ ತಮ್ಮದೇ ಹುರುಪು ಇಳಿಯುವುದು ಅವರ ಗಮನಕ್ಕೆ ಬಂತು. ಇಷ್ಟನ್ನು ನಿಮ್ಮ ಮನೆಯವರಿಗೆ ಓದಿ ಹೇಳಿ. ಸೋಮಾರಿಯಾಗಿದ್ದರೆ ಜೂನ್‌ನಲ್ಲೂ ಸೋಮಾರಿಯೇ ಆಗಿರಬೇಕಿತ್ತು, ಅಲ್ವಾ? ಇನ್ನು ಮದುವೆ. ನಮ್ಮ ಕಡೆ ಎಲ್ಲ ಕಾಯಿಲೆಗೂ ಅದೇ ಔಷಧಿ! ಪಾಪ, ಬರುವ ಹುಡುಗಿಯೂ ಅದೇ ಕತ್ತಲಿಗೇ ಹೋಗಬೇಕಲ್ಲ.

ಖಿನ್ನತೆ ಅಂದರೆ ನಿದ್ದೆ ಬಾರದು, ಊಟ ಸೇರದು ಅಂತ ನಾವು ಕೇಳಿರುತ್ತೇವೆ. ಚಳಿಗಾಲದ ಈ ಬಗೆಯಲ್ಲಿ ಸಾಮಾನ್ಯವಾಗಿ ಉಲ್ಟಾ. ನಿದ್ದೆ ಜಾಸ್ತಿ, ಸಿಹಿ ಮತ್ತು ಹಿಟ್ಟಿನ ತಿಂಡಿಯ ಆಸೆ ಜಾಸ್ತಿ, ತೂಕ ಜಾಸ್ತಿ. ನೀವು ಬರೆದ ಗುರುತೆಲ್ಲ ಇದಕ್ಕೆ ಹೊಂದುತ್ತದೆ. ಆದರೂ ಹೌದು ಅಂತ ಹೇಳಬೇಕಾದವರು ಅವನನ್ನು ಎದುರಿಗೆ ಕೂರಿಸಿಕೊಂಡು ನೋಡುವ ವೈದ್ಯರು. ಥೈರಾಯ್ಡ್ ತೊಂದರೆಗೂ ಹೀಗೇ ದಣಿವು ಬರುತ್ತದೆ, ತೂಕ ಏರುತ್ತದೆ. ರಕ್ತ ಪರೀಕ್ಷೆ ಮಾಡಿಸಿದರೆ ಅದು ಹೊರಬೀಳುತ್ತದೆ. ಫಿನ್ಲೆಂಡಿನಲ್ಲಿ ನೌಕರರ ಆರೋಗ್ಯ ಸೇವೆಯನ್ನು ಕೆಲಸ ಕೊಟ್ಟವರೇ ಏರ್ಪಡಿಸಬೇಕು ಅಂತ ಕಾನೂನಿದೆ. ಮೊದಲು ಅಲ್ಲಿ ಕೇಳಲಿ. ಈ ಕಾಯಿಲೆ ಅಲ್ಲಿನ ವೈದ್ಯರಿಗೆ ಹೊಸದೇನಲ್ಲ.

ಚಿಕಿತ್ಸೆ ಇದೆ. ಹತ್ತು ಸಾವಿರ ಲಕ್ಸ್ (ಲಕ್ಸ್ ಅಂದರೆ ಬೆಳಕಿನ ಅಳತೆ) ಬೆಳಕು ಕೊಡುವ ವಿಶೇಷ ದೀಪ ಸಿಗುತ್ತದೆ. ಬೆಳಿಗ್ಗೆ ಎದ್ದ ಕೂಡಲೇ ಅರ್ಧ ಗಂಟೆ ಅದರ ಮುಂದೆ ಕೂರಬೇಕು. ದೀಪವನ್ನೇ ದಿಟ್ಟಿಸಬಾರದು. ಪಕ್ಕದಲ್ಲಿಟ್ಟುಕೊಂಡು ಚಹಾ ಕುಡಿಯಬಹುದು, ಪೇಪರ್ ಓದಬಹುದು. ತುಂಬ ಜನರಿಗೆ ಒಂದೆರಡು ವಾರದಲ್ಲಿ ಫರಕು ಕಾಣುತ್ತದೆ. ಕಣ್ಣಿನ ಕಾಯಿಲೆ ಇದ್ದವರು, ಮನಸ್ಸು ವಿಪರೀತ ಏರಿ ಇಳಿಯುವ ಬೈಪೋಲಾರ್ ಇದ್ದವರು ಮಾತ್ರ ವೈದ್ಯರನ್ನು ಕೇಳದೆ ಇದಕ್ಕೆ ಕೈ ಹಾಕಬಾರದು. ಸಿಬಿಟಿ ಅನ್ನುವ ಮಾತಿನ ಚಿಕಿತ್ಸೆಯೂ ಕೆಲಸ ಮಾಡುತ್ತದೆ. ಬೇಕಾದರೆ ಗುಳಿಗೆಯೂ ಇದೆ. ಡಿ ವಿಟಮಿನ್ ಅಲ್ಲಿ ಹಾಲಿಗೇ ಬೆರೆಸುತ್ತಾರೆ. ಎಲುಬಿಗೆ ಅದು ಬೇಕು, ಆದರೆ ಅದೊಂದೇ ಈ ಬೇಸರ ಕಳೆಯುತ್ತದೆ ಅಂತ ನಂಬಬೇಡಿ.

ಇಲ್ಲಿ ಕೂತು ನೀವೂ ಒಂದು ಕೆಲಸ ಮಾಡಬಹುದು. ಅಲ್ಲಿ ಮಧ್ಯಾಹ್ನ ಹನ್ನೆರಡಾದಾಗ ನಮಗೆ ಮೂರೂವರೆ. ಆ ಹೊತ್ತಿಗೆ ಫೋನ್ ಮಾಡಿ, 'ಹೊರಗ ಅಡ್ಡಾಡಕೋತ ಮಾತಾಡು' ಅನ್ನಿ. ಅಷ್ಟು ಹೊತ್ತಾದರೂ ಆಕಾಶದ ಕೆಳಗಿರುತ್ತಾನೆ. ಯಾಕ ಸಪ್ಪಗದೀ ಅಂತ ದಿನಾ ಕೇಳುವುದು ಬೇಡ. ಎಳ್ಳ ಅಮಾವಾಸ್ಯೆಗೆ ಹೊಲಕ್ಕೆ ಹೋಗಿದ್ದು, ಸೀತನಿ ಯಾವಾಗ ಬರುತ್ತೆ ಅನ್ನೋದು, ಪಕ್ಕದ ಮನೆ ಜಗಳ, ಇಂಥದ್ದು ಹೇಳಿ. ಪಾರ್ಸೆಲ್ ಕಳಿಸುವಿರಾದರೆ ಉಂಡಿ ಬೇಡ, ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇರಲಿ. ಬದುಕಿ ಏನು ಪ್ರಯೋಜನ ಅನ್ನುವ ಮಾತು ಅವನ ಬಾಯಲ್ಲಿ ಬಂದರೆ ಮಾತ್ರ ಕಾಯಬೇಡಿ. ಅಲ್ಲಿನ ತುರ್ತು ನಂಬರ್ 112.

ಚಳಿಗಾಲದ ಬೇಸರಕ್ಕೆ ವಿಶೇಷ ದೀಪ ಅಂತಾರಲ್ಲ, ಅಷ್ಟು ದುಡ್ಡಿನ ದೀಪ ಯಾಕೆ? ಮನೆಯಲ್ಲೇ ಇನ್ನೆರಡು ಎಲ್‌ಇಡಿ ಬಲ್ಬ್ ಹಾಕಿದರೆ ಸಾಲದೇ?
ಗೋಕಾಕ

ಸಾಲದು. ನಮ್ಮ ಮನೆಯ ಟ್ಯೂಬ್‌ಲೈಟ್ ಬೆಳಕು ಒಂದೆರಡು ನೂರು ಲಕ್ಸ್ ಇದ್ದರೆ ಹೆಚ್ಚು. ಬಯಲಲ್ಲಿ ಮಧ್ಯಾಹ್ನದ ಬಿಸಿಲು ಐವತ್ತು ಸಾವಿರ ದಾಟುತ್ತದೆ. ನಮ್ಮ ಕಣ್ಣು ಎರಡಕ್ಕೂ ಹೊಂದಿಕೊಂಡು ಬಿಡುತ್ತದೆ, ಅದಕ್ಕೇ ಇಷ್ಟು ಅಂತರ ಇದೆ ಅಂತ ಗೊತ್ತಾಗುವುದಿಲ್ಲ. ಆದರೆ ಗೋಕಾಕದಲ್ಲಿ ದೀಪ ತಗೊಂಡು ನೀವೇನು ಮಾಡುತ್ತೀರಿ? ಬಾಗಿಲು ತೆಗೆದು ಹೊರಗೆ ಬನ್ನಿ, ಪುಕ್ಕಟೆ ಇದೆ.

ಮೊಬೈಲಿನಲ್ಲಿ ವಿಂಟರ್ ಡಿಪ್ರೆಶನ್ ಬಗ್ಗೆ ಓದಿದೆ. ಎಲ್ಲ ಲಕ್ಷಣ ನನಗಿವೆ, ಆದರೆ ಚಳಿಗಾಲದಲ್ಲಿ ಅಲ್ಲ. ಚಳಿಗಾಲದಲ್ಲಿ ನಾನು ಆರಾಮ. ಜುಲೈ, ಆಗಸ್ಟಿನ ಮಳೆಗೆ ಮಾತ್ರ ಹಾಸಿಗೆ ಬಿಟ್ಟು ಏಳೋದೇ ಬೇಡ ಅನ್ನಿಸುತ್ತದೆ. ನನ್ನ ತಲೆಯೇ ಉಲ್ಟಾ ಇದೆಯಾ?
ಕಾಲೇಜು ಶಿಕ್ಷಕಿ, ಬೆಳಗಾವಿ

ಉಲ್ಟಾ ಏನಿಲ್ಲ ತಂಗಿ. ನಮ್ಮೂರಿನ ಕತ್ತಲೆ ಬರುವುದೇ ಆಗ. ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಥಂಡಿ ಇದ್ದರೂ ಆಕಾಶ ತಿಳಿಯಾಗಿರುತ್ತದೆ, ಹಗಲಿಡೀ ಬಿಸಿಲು. ಜುಲೈನಲ್ಲಿ ಪಂಚಾಂಗದ ಪ್ರಕಾರ ಹಗಲು ದೊಡ್ಡದು, ಕಣ್ಣಿಗೆ ಮಾತ್ರ ಬೆಳಕಿಲ್ಲ. ಜಿಟಿಜಿಟಿ ಮಳೆ, ಒಣಗದ ಬಟ್ಟೆಯ ಮುಗ್ಗು ವಾಸನೆ. ಇರಚಲು ಹೊಡೆಯುತ್ತದೆ ಅಂತ ವರಾಂಡಕ್ಕೆ ತಾಡಪತ್ರಿ ಬೇರೆ ಕಟ್ಟುತ್ತೇವೆ, ಇದ್ದಬದ್ದ ಬೆಳಕೂ ಹೋಯಿತು. ವಾಕಿಂಗ್ ನಿಂತಿತು, ಗೆಳತಿಯರ ಮನೆಗೆ ಹೋಗುವುದು ನಿಂತಿತು, ಸಂಜೆಗೆ ಭಜಿ ಶುರುವಾಯಿತು. ಮನಸ್ಸು ಕೆಳಗೆ ಬರಲು ಇನ್ನೇನು ಬೇಕು?

ಆದರೆ ಮಳೆಗೆ ಬೇಜಾರಾಗುವುದೇ ಬೇರೆ, ಕಾಯಿಲೆಯೇ ಬೇರೆ. ಕ್ಲಾಸಿಗೆ ಹೋಗಲಾರದಷ್ಟು, ಇಷ್ಟದ ಕೆಲಸವೂ ಬೇಡ ಅನ್ನುವಷ್ಟು ಆಗಿ, ಎರಡು ವರ್ಷವಾದರೂ ಅದೇ ತಿಂಗಳಲ್ಲಿ ಬಂದು ಹೋಗುತ್ತಿದ್ದರೆ ಅದನ್ನು ಕಾಯಿಲೆ ಅನ್ನಬಹುದು. ಇನ್ನೊಂದನ್ನೂ ನೋಡಿಕೊಳ್ಳಿ. ಪ್ರತಿ ವರ್ಷ ಅದೇ ಹೊತ್ತಿಗೆ ಅಡ್ಮಿಶನ್ ಗದ್ದಲ, ಮೌಲ್ಯಮಾಪನ ಅಂತ ತಲೆ ಮೇಲೆ ಬೀಳುತ್ತದೆಯಾ? ಹಾಗಿದ್ದರೆ ಸುಮ್ನೆ ಮಳೆಯನ್ನು ಬೈಯಬೇಡಿ.

ಮಾಡಬೇಕಾದ್ದು ಇಷ್ಟು. ಮೋಡ ಮುಚ್ಚಿದ ದಿನವೂ ಹೊರಗಿನ ಬೆಳಕು ಸಾವಿರಗಟ್ಟಲೆ ಲಕ್ಸ್ ಇರುತ್ತದೆ, ಮನೆಯೊಳಗಿನದಕ್ಕೆ ಎಷ್ಟೋ ಪಟ್ಟು. ಛತ್ರಿ ಹಿಡಿದು ಬೆಳಿಗ್ಗೆ ಹೊರಡಿ. ನಾನಿರುವ ತಿಲಕವಾಡಿಯವರು ವ್ಯಾಕ್ಸಿನ್ ಡಿಪೋ ಮೈದಾನಕ್ಕೆ ಹೋಗುತ್ತಾರೆ, ರೇನ್‌ಕೋಟ್ ಹಾಕಿಕೊಂಡು ನಾನೂ ಹೋಗುತ್ತೇನೆ. ನೋಡಿ ನಗುವವರಿದ್ದಾರೆ, ನಗಲಿ. ಮತ್ತೆ ಆ ತಾಡಪತ್ರಿ ಕಟ್ಟಲೇಬೇಕು ಅಂದರೆ ಬಿಳಿ ಪಾರದರ್ಶಕ ಶೀಟ್ ತನ್ನಿ, ನೀಲಿ ಬೇಡ.

ನಮ್ಮ ಬಾಗಲಕೋಟೆಯವರಿಗೆ ಬೇಸಿಗೆಗೇ ತಲೆ ಕೆಡುತ್ತದೆ. ಅದಕ್ಕೂ ಹೆಸರಿದೆಯಾ?
ನವನಗರ

ಇದೆ. ಬೇಸಿಗೆಯಲ್ಲಿ ಬರುವ ಬಗೆಯೂ ಉಂಟು, ಕಡಿಮೆ ಜನರಿಗೆ. ಅದರಲ್ಲಿ ನಿದ್ದೆ ಹಾರುತ್ತದೆ, ಊಟ ಸೇರುವುದಿಲ್ಲ, ಸಿಟ್ಟು ಮೂಗಿನ ಮೇಲೆ. ಆದರೆ ನಲವತ್ತೆರಡು ಡಿಗ್ರಿಯಲ್ಲಿ ಕರೆಂಟ್ ಹೋದಾಗ ಬರುವ ಸಿಟ್ಟಿಗೆ ವೈದ್ಯರು ಬೇಕಿಲ್ಲ.

ನಮ್ಮದು ದ್ರಾಕ್ಷಿ ತೋಟ. ದೀಪಾವಳಿ ಕಳೆದ ಮೇಲೆ ನಮ್ಮ ಮನೆಯವರು ಮಂಕಾಗಿದ್ದಾರೆ. ರಾತ್ರಿ ಮೂರಕ್ಕೇ ಎಚ್ಚರಾಗಿ ಕೂರುತ್ತಾರೆ. ಊಟ ಅರ್ಧ. ಮಕ್ಕಳ ಜೊತೆಗೂ ಮಾತಿಲ್ಲ. ಮೊನ್ನೆ, 'ನಾ ಇಲ್ಲದಿದ್ರ ನಿಮಗ ಹಗುರ' ಅಂದರು. ಥಂಡಿ ಇಳಿದರೆ ಸರಿಹೋಗ್ತಾರಾ?
ತಿಕೋಟಾ

ತಂಗಿ, ಥಂಡಿ ಇಳಿಯಲಿ ಅಂತ ಕಾಯಬೇಡಿ. ಬೆಳಗಿನಿಂದ ಸಂಜೆವರೆಗೂ ತೋಟದ ಬಿಸಿಲಲ್ಲಿ ಇರುವವರಿಗೆ ಬೆಳಕಿನ ಕೊರತೆ ಎಲ್ಲಿಂದ ಬರಬೇಕು? ಇದು ಚಳಿಗಾಲದ ಬೇಸರ ಅಲ್ಲ. ನಸುಕಿಗೆ ಮುಂಚೆ ಎಚ್ಚರ, ಊಟ ಬಿಟ್ಟದ್ದು, ಆ ಕೊನೆಯ ಮಾತು, ಮೂರೂ ಸೇರಿದರೆ ಖಿನ್ನತೆ ಬಲವಾಗಿದೆ ಅಂತಲೇ ಹಿಡಿಯಬೇಕು. ಈ ದಿನಗಳಲ್ಲಿ ಮಂಜು ಬಿದ್ದರೆ ಗೊಂಚಲಿಗೆ ಡೌನಿ ರೋಗ, ಮತ್ತೆ ಬೆಳೆಗೆ ಔಷಧಿಯ ಎಣ್ಣೆ ಹೊಡೆಯುವ ಖರ್ಚು, ಸಾಲದ ಕಂತು, ಇವೂ ತಲೆಯಲ್ಲಿರಬಹುದು. ಕೇಳಿ ನೋಡಿ. 'ಸಾಯಬೇಕು ಅನ್ನಿಸ್ತದೇನ್ರಿ' ಅಂತ ನೇರವಾಗಿ ಕೇಳಿದರೂ ತಪ್ಪಿಲ್ಲ. ಕೇಳಿದ್ದರಿಂದ ಆ ವಿಚಾರ ಹೊಸದಾಗಿ ಹುಟ್ಟುವುದಿಲ್ಲ.

ಇವತ್ತೇ ಮಾಡಬೇಕಾದ್ದು ಒಂದಿದೆ. ಬೆಳೆಗೆ ಹೊಡೆಯುವ ವಿಷದ ಎಣ್ಣೆಯ ಡಬ್ಬಿಗಳನ್ನೆಲ್ಲ ತೋಟದ ಮನೆಯಿಂದ ತೆಗೆಸಿ ಭಾವನವರ ಮನೆಯಲ್ಲೋ ನೆರೆಯವರಲ್ಲೋ ಬೀಗದೊಳಗೆ ಇಡಿಸಿ. ಸಿಂಪಡಿಸುವ ದಿನ ಬೇರೆಯವರ ಕೈಯಿಂದ ತರಿಸಿದರಾಯಿತು. ಅವರನ್ನು ಒಬ್ಬರೇ ಬಿಡಬೇಡಿ. 14416 ಟೆಲಿ ಮಾನಸ್ ನಂಬರ್, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಪುಕ್ಕಟೆ, ಹಗಲು ರಾತ್ರಿ ಯಾವಾಗ ಬೇಕಾದರೂ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ. ನಾಳೆ ಬೆಳಿಗ್ಗೆಯೇ ವಿಜಯಪುರದ ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಮನೋವೈದ್ಯರಿಗೆ ತೋರಿಸಿ. ನೀವೂ ಒಳಗೆ ಕೂಡಿ. ಮೂರಕ್ಕೆ ಏಳುವುದು, ಅವರು ಆಡಿದ ಮಾತು, ಎರಡನ್ನೂ ನೀವೇ ಹೇಳಿ. ಅವರನ್ನು ಕೇಳಿದರೆ, 'ಏನಿಲ್ರೀ, ಸ್ವಲ್ಪ ಹೊಟ್ಟಿ ಉರಿ' ಅಂದು ಎದ್ದು ಬಂದುಬಿಡುತ್ತಾರೆ.