ಜಾಮೀನಿಗೆ ಆ ಕಡೆಯವರೇ ಬೇಕಂತೆ

ನಿನ್ನ ಮೆಸೇಜನ್ನು ಅಂಗಡಿಯಲ್ಲಿ ಕೂತಿದ್ದವರಿಗೆಲ್ಲ ಜೋರಾಗಿ ಓದಿ ಹೇಳಿದೆ. "ನಿಮ್ಮ ಕಡೆ ಒಬ್ಬನನ್ನು ಪೊಲೀಸರು ಹಿಡಿದರೆ ಅರ್ಧ ಊರು ಟೆಂಪೊ ಹತ್ತಿ ಹೊರಡುತ್ತಲ್ಲ, ಯಾಕೋ? ಹೆಸರು ಹಾಕಿ ಹುಡುಕಿದರೆ ಎಲ್ಲಾ ಆನ್‌ಲೈನ್‌ನಲ್ಲೇ ಸಿಗುತ್ತಲ್ವಾ? ಅದೂ ಅಲ್ಲದೆ ನಿಮ್ಮೂರಿನವರು ಆಂಧ್ರದ ಜೈಲಲ್ಲಿ ಯಾಕಿರ್ತಾರೆ, ನೀವು ಕರ್ನಾಟಕದವರು ತಾನೇ?" ಎಲ್ಲರೂ ನಕ್ಕರು. ಒಬ್ಬ ಯಜಮಾನರು ಮಾತ್ರ "ಬೆಂಗಳೂರಲ್ಲಿ ಹಿಡಿದರೆ ಬೆಂಗಳೂರಲ್ಲೇ ಇಡ್ತಾರೆ, ಪುಣ್ಯವಂತರು" ಅಂದರು.

ಕರ್ನಾಟಕದವರೇ ಕಣೋ. ಚಿತ್ರದುರ್ಗ ಜಿಲ್ಲೆ, ಮೊಳಕಾಲ್ಮುರು ತಾಲ್ಲೂಕು. ನಕ್ಷೆ ತೆಗೆದು ನೋಡು, ಬಳ್ಳಾರಿಗೂ ಆಂಧ್ರಕ್ಕೂ ನಡುವೆ ತೂರಿಕೊಂಡು ಕೂತಿದ್ದೇವೆ. ನಮಗೆ ಚಿತ್ರದುರ್ಗಕ್ಕಿಂತ ಆಂಧ್ರದ ರಾಯದುರ್ಗ ಹತ್ತಿರ. ಹೆಣ್ಣು ಕೊಡೋದು ಆ ಕಡೆ, ತರೋದು ಆ ಕಡೆಯಿಂದ. ಇಲ್ಲಿ ರೇಷ್ಮೆ ಸೀರೆ ನೇಯುವವರ ಮನೆ ಹುಡುಗರೇ ಅಲ್ಲಿ ಜೀನ್ಸ್ ಹೊಲಿಯೋಕೆ ಹೋಗುತ್ತಾರೆ. ರಾಯದುರ್ಗ 1953ರ ತನಕ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು. ಆಂಧ್ರ ರಾಜ್ಯ ಆದಾಗ ಆದೋನಿ, ಆಲೂರು, ರಾಯದುರ್ಗ ಆ ಕಡೆ ಹೋದವು, ಬಳ್ಳಾರಿ ಈ ಕಡೆ ಬಂತು. ನಮ್ಮ ನೆಂಟರನ್ನು ಯಾರೂ ಕೇಳಲಿಲ್ಲ. ಹಂಗಾಗಿ ನಮ್ಮೂರ ಹುಡುಗ ಹಬ್ಬಕ್ಕೆ ಅಕ್ಕನ ಮನೆಗೆ ಹೋದರೂ ಬೇರೆ ರಾಜ್ಯಕ್ಕೆ ಹೋದ ಹಾಗೆ. ಅಲ್ಲಿ ಜಗಳ ಆಯ್ತು, ಗಾಡಿ ತಾಗಿತು, ಇಲ್ಲ ಈ ಕಡೆಯ ಬ್ರಾಂದಿ ಟೆಟ್ರಾ ಪ್ಯಾಕ್ ನಾಲ್ಕು ಜಾಸ್ತಿ ಬ್ಯಾಗಲ್ಲಿತ್ತು ಅಂದರೆ ಕೇಸು ಅಲ್ಲಿನ ಸ್ಟೇಷನ್ನಿನದು, ಜೈಲು ಅಲ್ಲಿನದು. ಆಂಧ್ರದಲ್ಲಿ ಬ್ರಾಂದಿ ರೇಟು ಏರಿದ್ದ ವರ್ಷಗಳಲ್ಲಿ ಈ ಟೆಟ್ರಾ ಪ್ಯಾಕ್ ಕೇಸುಗಳು ಎಷ್ಟು ಬಂದವು ಅಂದರೆ, ಮದುವೆ ಸೀಸನ್ನು ಬಂತು ಅಂತ ನನಗೆ ಲಗ್ನಪತ್ರಿಕೆಗಿಂತ ಮೊದಲು ಎಫ್‌ಐಆರ್ ಜೆರಾಕ್ಸಿನಿಂದ ಗೊತ್ತಾಗುತ್ತಿತ್ತು.

ನಂದು ತಾಲ್ಲೂಕು ಕಚೇರಿ ಹತ್ತಿರ ಜೆರಾಕ್ಸ್ ಅಂಗಡಿ ಅನ್ನೋದು ನಿನಗೆ ಗೊತ್ತಲ್ಲ. ಪಹಣಿ, ಆಧಾರ್, ಅರ್ಜಿ ಟೈಪಿಂಗು ಎಲ್ಲಾ ಇಲ್ಲೇ. ಆಮೇಲೆ ಯಾರಾದರೂ ಒಳಗಾದರೆ ಮನೆಯವರು ವಕೀಲರಿಗಿಂತ ಮುಂಚೆ ನನ್ನ ಹತ್ತಿರ ಬರುತ್ತಾರೆ. ನನಗೆ ತೆಲುಗು ಓದೋಕೆ ಬರುತ್ತೆ, ಅಷ್ಟೇ ಕಾರಣ.

ಹುಡುಕೋದು ಅಂಥ ದೊಡ್ಡ ಕೆಲಸ ಅಲ್ಲ. ಹಿಡಿದ ತಕ್ಷಣ ಮನೆಯವರಿಗೋ ಅವನು ಹೇಳಿದವರಿಗೋ ತಿಳಿಸಬೇಕು ಅಂತ ಕಾನೂನೇ ಇದೆ. 24 ಗಂಟೆ ಒಳಗೆ, ಪ್ರಯಾಣದ ಹೊತ್ತು ಬಿಟ್ಟು, ಮ್ಯಾಜಿಸ್ಟ್ರೇಟ್ ಮುಂದೆ ನಿಲ್ಲಿಸಲೇಬೇಕು. 2024ರ ಜುಲೈಯಿಂದ ಜಾರಿಗೆ ಬಂದ ಹೊಸ ನಾಗರಿಕ ಸುರಕ್ಷಾ ಸಂಹಿತೆ ಪ್ರಕಾರ ಹಿಡಿದವರ ಹೆಸರು, ವಿಳಾಸ, ಏನು ಕೇಸು ಅನ್ನೋದನ್ನು ಪ್ರತಿ ಠಾಣೆಯಲ್ಲೂ ಎದ್ದು ಕಾಣುವಂತೆ ಹಾಕಬೇಕು. ಹಾಕಿರುತ್ತಾರಾ ಅಂತ ಕೇಳಬೇಡ. ಎಫ್‌ಐಆರ್ 24 ಗಂಟೆ ಒಳಗೆ ವೆಬ್‌ಸೈಟಿಗೆ ಹಾಕಬೇಕು ಅಂತ ಸುಪ್ರೀಂ ಕೋರ್ಟ್ 2016ರಲ್ಲೇ ಹೇಳಿದೆ, ಸೂಕ್ಷ್ಮ ಕೇಸು ಬಿಟ್ಟು. ಎಫ್‌ಐಆರ್ ನಂಬರ್ ಸಿಕ್ಕರೆ ಕೋರ್ಟುಗಳ ವೆಬ್‌ಸೈಟ್ ಇ-ಕೋರ್ಟ್ಸ್‌ನಲ್ಲಿ ಕೇಸು ಸಿಗುತ್ತೆ, ಮುಂದಿನ ತಾರೀಕು ಸಿಗುತ್ತೆ. ಹುಡುಗನಿಗೆ 18 ತುಂಬಿಲ್ಲ ಅಂದರೆ ಜೈಲಲ್ಲಿ ಹುಡುಕಲೇಬೇಡ, ಅವನನ್ನು ಬಾಲನ್ಯಾಯ ಮಂಡಳಿ ಮುಂದೆ ಹಾಜರುಪಡಿಸಬೇಕು.

ಹೆಸರು ಹಾಕಿ ಹುಡುಕು ಅಂದೆಯಲ್ಲ, ಅದೊಂದು ತಮಾಷೆ. ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿ ಪುಣ್ಯದಿಂದ ನಮ್ಮ ಸೀಮೆಯಲ್ಲಿ ಮನೆಗೊಬ್ಬ ತಿಪ್ಪೇಸ್ವಾಮಿ. ಇಂಗ್ಲಿಷಿನಲ್ಲಿ ಒಬ್ಬೊಬ್ಬರು ಒಂದೊಂದು ಥರ ಬರೆಯುತ್ತಾರೆ. ಆ ಕಡೆ ಪೊಲೀಸರು ಮನೆತನದ ಹೆಸರು ಯಾವುದು ಅಂತ ಕೇಳುತ್ತಾರೆ, ಹುಡುಗ ಗಾಬರಿಯಲ್ಲಿ ಏನೋ ಹೇಳುತ್ತಾನೆ, ಅದು ಹೆಸರಿನ ಮುಂದೆ ಹೋಗಿ ಕೂರುತ್ತೆ. ಆಧಾರ್‌ನಲ್ಲಿ ಒಂದು, ಎಫ್‌ಐಆರ್‌ನಲ್ಲಿ ಒಂದು, ಜೈಲಿನ ರಿಜಿಸ್ಟರಲ್ಲಿ ಮತ್ತೊಂದು. ಅದಕ್ಕೇ ಮನೆಯವರಿಗೆ ನಾನು ಮೊದಲು ಹೇಳೋದು, ಅಪ್ಪನ ಹೆಸರು, ಎಫ್‌ಐಆರ್ ನಂಬರ್, ಠಾಣೆ ಹೆಸರು, ಈ ಮೂರನ್ನು ಚೀಟಿಯಲ್ಲಿ ಬರೆದು ಜೇಬಲ್ಲಿಟ್ಟುಕೊಂಡು ಹೋಗಿ ಅಂತ. ಜೈಲಿನ ಗೇಟಲ್ಲಿ "ನಮ್ಮ ತಿಪ್ಪೇಸ್ವಾಮಿ" ಅಂದರೆ ಯಾರಂತ ನೋಡುತ್ತಾರೆ ಅವರು?

ಭೇಟಿಗೂ ಈಗ ಇ-ಮುಲಾಕಾತ್ ಅಂತ ಇದೆ, ಮೊಬೈಲಲ್ಲೇ ಹೆಸರು ಕೊಡಬಹುದು. ಆದರೆ ಮಗನನ್ನು ನೋಡಲೇಬೇಕು ಅಂತ ಹಟ ಹಿಡಿದ ತಾಯಿಗೆ ಸ್ಕ್ರೀನ್ ತೋರಿಸಿ ಸಮಾಧಾನ ಮಾಡೋದು ನನ್ನಿಂದಾಗಿಲ್ಲ. ಹೋಗುತ್ತಾರೆ. ಒಬ್ಬಳೇ ಹೋಗೋಕೆ ಹೆದರಿಕೆ, ಅದಕ್ಕೆ ಭಾವ, ಭಾವನ ಜೊತೆ ಅವನ ಗೆಳೆಯ, ತೆಲುಗು ಚೆನ್ನಾಗಿ ಬರುತ್ತೆ ಅಂತ ಇನ್ನೊಬ್ಬ. ಟೆಂಪೊ ತುಂಬೋದು ಹಂಗೆ. ಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿಪುಡಿ, ಲುಂಗಿ, ಟವಲ್ಲು, ಪ್ಯಾರಾಗಾನ್ ಚಪ್ಪಲಿ. ಚಟ್ನಿಪುಡಿ ಗೇಟಲ್ಲೇ ವಾಪಸ್. ಮಾತ್ರೆ ಅಂದರೆ ಡಾಕ್ಟರ ಚೀಟಿ ಸಮೇತ ಕೊಡಬೇಕು, ಅದನ್ನೂ ಜೈಲಿನ ಡಾಕ್ಟರು ನೋಡಿಯೇ ಒಳಗೆ ಬಿಡೋದು. ದುಡ್ಡು ಕೈಗೆ ಕೊಡೋ ಹಾಗಿಲ್ಲ, ಅವನ ಖಾತೆಗೆ ಕಟ್ಟಿ ರಸೀದಿ ತಗೋಬೇಕು, ಒಳಗಿನ ಕ್ಯಾಂಟೀನಲ್ಲಿ ಸೋಪು ಬಿಸ್ಕತ್ತು ಅದರಲ್ಲೇ ಆಗುತ್ತೆ. ಏನು ಬಿಡ್ತಾರೆ, ಏನು ಬಿಡಲ್ಲ ಅನ್ನೋದು ಜೈಲಿಂದ ಜೈಲಿಗೆ ಬೇರೆ, ಕೆಲವು ಸಲ ಗೇಟಲ್ಲಿ ಯಾರಿದ್ದಾರೆ ಅನ್ನೋದರ ಮೇಲೆ.

ಇದೆಲ್ಲ ಆಗುತ್ತೆ ಬಿಡು. ನಾವು ಸಾಯೋದು ಜಾಮೀನುದಾರನ ವಿಷಯದಲ್ಲಿ.

ಜಾಮೀನು ಸಿಕ್ಕಿತು ಅಂತ ವಕೀಲರು ಫೋನ್ ಮಾಡುತ್ತಾರೆ, ಮನೆಯಲ್ಲಿ ಹಬ್ಬ. ಆಮೇಲೆ ಆದೇಶ ಓದಿದರೆ ಇಂತಿಷ್ಟು ಸಾವಿರದ ಬಾಂಡ್, ಅಷ್ಟೇ ಮೊತ್ತಕ್ಕೆ ಇಬ್ಬರು ಜಾಮೀನುದಾರರು. ಜಾಮೀನುದಾರ ಅಂದರೆ ಆಸ್ತಿ ಇರಬೇಕು. ಆಸ್ತಿಗೆ ಕಾಗದ ಇರಬೇಕು. ಕಾಗದ ಆ ಕೋರ್ಟಿನವರಿಗೆ ಒಪ್ಪಿಗೆ ಆಗಬೇಕು. ನಮ್ಮ ಪಹಣಿ ಕನ್ನಡದಲ್ಲಿದೆ, ನಮ್ಮ 'ಭೂಮಿ' ತಂತ್ರಾಂಶದಿಂದ ಬಂದದ್ದು. ಅವರಿಗೆ ಗೊತ್ತಿರೋದು ಪಟ್ಟಾದಾರ್ ಪಾಸ್ ಪುಸ್ತಕ, ಅಡಂಗಲ್, ಅವರ 'ಮೀಭೂಮಿ'. ನಮ್ಮ ಪಹಣಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ "ಲೋಕಲ್ ಶ್ಯೂರಿಟಿ ತೀಸ್ಕೊನಿ ರಂಡಿ" ಅನ್ನುತ್ತಾರೆ, ಅಂದರೆ ಇಲ್ಲಿಯವರನ್ನೇ ಜಾಮೀನಿಗೆ ಕರ್ಕೊಂಡು ಬನ್ನಿ ಅಂತ. ಲೋಕಲ್ ಎಲ್ಲಿಂದ ತರೋಣ? ನಾವು ನಿಂತಿದ್ದ ಜಾಗದಿಂದ ಬೈಕ್ ಹತ್ತಿದರೆ ನಮ್ಮ ಹೊಲ ಮಧ್ಯಾಹ್ನದ ಊಟಕ್ಕೆ ಮುಂಚೆ ಸಿಗುತ್ತೆ. ಅದಕ್ಕಿಂತ ದೂರದ ಮೂಲೆಯವರು ಅದೇ ಜಿಲ್ಲೆಯವರು ಅನ್ನೋ ಒಂದೇ ಕಾರಣಕ್ಕೆ ಲೋಕಲ್, ನಾವು ಪರರಾಜ್ಯ.

ನಮ್ಮ ಬೀದಿಯ ಹುಡುಗನ ಕೇಸೇ ಹೇಳುತ್ತೇನೆ, ಅವನನ್ನೂ ತಿಪ್ಪೇಸ್ವಾಮಿ ಅಂತಲೇ ಇಟ್ಟುಕೋ. ಅವನ ಅಕ್ಕನನ್ನು ಆ ಕಡೆ ಕೊಟ್ಟಿದೆ. ಭಾವ ಅಲ್ಲಿನವನೇ, ಅಪ್ಪಟ ಲೋಕಲ್, ಆದರೆ ಬಾಡಿಗೆ ಮನೆ, ಒಂದು ಗೇಣು ಜಮೀನಿಲ್ಲ. ಈ ಕಡೆ ದೊಡ್ಡಪ್ಪನ ಹೊಲ ಇದೆ, ಒಳ್ಳೇ ಶೇಂಗಾ ಬೆಳೆಯೋ ಭೂಮಿ. ಪಹಣಿ ತೆಗೆಸಿದೆ. ಮಾಲೀಕರ ಹೆಸರಿರೋ 9ನೇ ಕಾಲಂನಲ್ಲಿ ಅಜ್ಜನ ಹೆಸರು. ಅಜ್ಜ ಹೋಗಿ ಎಷ್ಟೋ ವರ್ಷ ಆಯ್ತು, ಅಣ್ಣತಮ್ಮಂದಿರು ಇವತ್ತಿನ ತನಕ ಪೌತಿ ಖಾತೆ ಮಾಡಿಸಿ ತಮ್ಮ ಹೆಸರಿಗೆ ಬರೆಸಿಕೊಂಡಿಲ್ಲ. ಸತ್ತವರು ಜಾಮೀನು ನಿಲ್ಲೋಕಾಗುತ್ತಾ? ಇನ್ನೊಬ್ಬ ಚಿಕ್ಕಪ್ಪನ ಪಹಣಿ ತೆಗೆಸಿದೆ, ಹೆಸರು ಸರಿಯಾಗಿತ್ತು, ಎಲ್ಲರೂ ಉಸಿರು ಬಿಟ್ಟರು. 11ನೇ ಕಾಲಂ ನೋಡಿದರೆ ಬ್ಯಾಂಕಿನ ಬೆಳೆಸಾಲ, ಅದರ ಕೆಳಗೆ ಸೊಸೈಟಿ ಸಾಲ. ಮಳೆ ಕೈಕೊಟ್ಟ ಸೀಮೆಯಲ್ಲಿ 11ನೇ ಕಾಲಂ ಖಾಲಿ ಇರೋ ರೈತನನ್ನು ನೀನೇ ಹುಡುಕಿ ಕೊಡು ನೋಡೋಣ.

ಅಂಥವರು ಇಲ್ಲ ಅಂತಲ್ಲ. ಊರಿಗೆ ಒಬ್ಬರೋ ಇಬ್ಬರೋ ಇರುತ್ತಾರೆ. ಕಾಗದ ಸ್ವಚ್ಛ, ಸಾಲ ಇಲ್ಲ, ಮನಸ್ಸೂ ಮೆತ್ತಗೆ. ಎಲ್ಲರೂ ಅವರ ಮನೆ ಬಾಗಿಲಿಗೇ. ಆದರೆ ಜಾಮೀನು ನಿಲ್ಲುವವನು ತಾನು ಈಗಾಗಲೇ ಎಷ್ಟು ಜನಕ್ಕೆ ನಿಂತಿದ್ದೇನೆ ಅಂತ ಕೋರ್ಟಿಗೆ ಬರೆದುಕೊಡಬೇಕು. ನಮ್ಮೂರಿನ ಅಂಥ ಒಬ್ಬ ಯಜಮಾನರು ಹಂಗೆ ಬರೆಯುತ್ತಾ ಹೋಗಿ ಪಟ್ಟಿ ಉದ್ದ ಆಗಿ, ಈಗ ಅವರನ್ನು ಕೋರ್ಟಿಗೆ ಕರೆದುಕೊಂಡು ಹೋದರೆ ನಮ್ಮ ಮೇಲೇ ಅನುಮಾನ. ಹಬ್ಬಕ್ಕೆ ಕರೆದರೂ "ಪಹಣಿ ತರಬೇಕೇನಪ್ಪಾ?" ಅಂತಾರೆ.

ಇದರಲ್ಲಿ ದುಡ್ಡು ಹೊಡೆಯುವವರೂ ಇದ್ದಾರೆ. ಕೋರ್ಟಿನ ಹೊರಗೆ ಟೀ ಅಂಗಡಿ ಹತ್ತಿರ ನಿಂತರೆ ಸಾಕು, ಯಾರೋ ಬಂದು ಕಿವಿಯಲ್ಲಿ "ಶ್ಯೂರಿಟಿ ಬೇಕಾ" ಅನ್ನುತ್ತಾರೆ. ಬಾಡಿಗೆ ಜಾಮೀನುದಾರ. ಕಾಗದ ನಿಜವೋ ಸುಳ್ಳೋ ದೇವರಿಗೇ ಗೊತ್ತು. ಸುಳ್ಳಾದರೆ ಹುಡುಗನ ತಲೆ ಮೇಲೆ ಇನ್ನೊಂದು ಕೇಸು. ನಮ್ಮ ಜನಕ್ಕೆ ನಾನು ಹೇಳೋದು ಇದೊಂದೇ, ಎಷ್ಟೇ ತಡ ಆದರೂ ಆ ಟೀ ಅಂಗಡಿ ಕಡೆ ಹೋಗಬೇಡಿ.

ಈಗ ನಿನಗೆ ಸಿಟ್ಟು ಬರೋ ವಿಷಯ. ಇದು ಹೊಸ ಸಮಸ್ಯೆ ಅಲ್ಲ. 1978ರಲ್ಲಿ ಮೋತಿರಾಮ್ ಅಂತ ಮಧ್ಯಪ್ರದೇಶದ ಗಾರೆ ಕೆಲಸದವನ ಕೇಸಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಇದನ್ನೇ ಎತ್ತಿ ತೋರಿಸಿ ಬೈದಿದ್ದಾರೆ. ಮ್ಯಾಜಿಸ್ಟ್ರೇಟ್ 10,000 ರೂಪಾಯಿ ಜಾಮೀನು ಕೇಳಿದ್ದರು, ಆಮೇಲೆ ಅವನ ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಒಪ್ಪಲಿಲ್ಲ. ಕೃಷ್ಣ ಅಯ್ಯರ್ ಕೇಳಿದ್ದು ಏನು ಗೊತ್ತಾ? ಒಬ್ಬ ಮಲಯಾಳಿಯೋ ಕನ್ನಡಿಗನೋ ತಮಿಳನೋ ಆಂಧ್ರದವನೋ ಬಸ್ತಾರ್‌ನಲ್ಲೋ ಪೋರ್ಟ್ ಬ್ಲೇರ್‌ನಲ್ಲೋ ಸಿಕ್ಕಿಬಿದ್ದರೆ ಅಲ್ಲಿ ಆಸ್ತಿ ಇರೋ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ. ಕೊನೆಗೆ ಮೋತಿರಾಮ್‌ನನ್ನು 1,000 ರೂಪಾಯಿಯ ಅವನದೇ ಬಾಂಡ್ ಮೇಲೆ ಬಿಡಿ ಅಂದರು. ಕನ್ನಡಿಗನ ಹೆಸರು ತೀರ್ಪಿನಲ್ಲೇ ಇದೆ ಕಣೋ! ಬಸ್ತಾರ್ ದೂರ, ಪೋರ್ಟ್ ಬ್ಲೇರ್ ಸಮುದ್ರದ ಆಚೆ. ನಾವು ಹಳ್ಳ ದಾಟಿದ್ದಕ್ಕೆ ಇಷ್ಟು.

2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಇನ್ನೊಂದು ಆದೇಶ ಮಾಡಿತು. ಜಾಮೀನು ಆದೇಶವನ್ನು ಅವತ್ತೇ ಇಲ್ಲ ಮಾರನೇ ದಿನ ಇ-ಮೇಲಲ್ಲಿ ಜೈಲಿಗೆ ಕಳಿಸಬೇಕು. ಏಳು ದಿನದಲ್ಲಿ ಬಿಡುಗಡೆ ಆಗದಿದ್ದರೆ ಜೈಲಿನ ಅಧಿಕಾರಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಒಂದು ತಿಂಗಳಾದರೂ ಬಾಂಡ್ ಕೊಡೋಕೆ ಆಗದಿದ್ದರೆ ಕೋರ್ಟೇ ಷರತ್ತು ಸಡಿಲಿಸೋದನ್ನು ಯೋಚಿಸಬಹುದು. ಲೋಕಲ್ ಜಾಮೀನಿನ ಹಠದಿಂದಲೇ ಬಿಡುಗಡೆ ತಡವಾಗುತ್ತಿದೆ, ಅಂಥ ಕಡೆ ಆ ಷರತ್ತು ಹಾಕೋದು ಬೇಡ ಅಂತಲೂ ಅದರಲ್ಲಿದೆ. ಅದೇ ವರ್ಷ ಕೇಂದ್ರ ಸರ್ಕಾರ ಬಡ ಕೈದಿಗಳಿಗೆ ನೆರವಿನ ಯೋಜನೆ ತಂದು, ಜಾಮೀನಿನ ದುಡ್ಡಿಲ್ಲದ ವಿಚಾರಣಾ ಕೈದಿಗೆ 40,000 ರೂಪಾಯಿ ತನಕ ಅಂತ ಹೇಳಿತು. ಕಾಗದದ ಮೇಲೆ ಎಲ್ಲಾ ಇದೆ. ನಮ್ಮ ಜನಕ್ಕೆ ಇದು ಗೊತ್ತಿಲ್ಲ ಅನ್ನೋದು ಒಂದು, ಗೊತ್ತಿದ್ದರೂ ಪರಭಾಷೆಯ ಕೋರ್ಟಲ್ಲಿ ಎದ್ದು ನಿಂತು ಹೇಳೋಕೆ ಬಾಯಿ ಬರಲ್ಲ ಅನ್ನೋದು ಇನ್ನೊಂದು.

ತಿಪ್ಪೇಸ್ವಾಮಿ ಕೇಸಲ್ಲಿ ಹೇಳಿದ್ದು ಅಲ್ಲಿನ ಕಾನೂನು ಸೇವಾ ಪ್ರಾಧಿಕಾರ ಕೊಟ್ಟ ಒಬ್ಬ ವಕೀಲಮ್ಮ. ಕಸ್ಟಡಿಯಲ್ಲಿ ಇರೋನಿಗೆ ಆದಾಯ ಎಷ್ಟೇ ಇರಲಿ, ಬಿಟ್ಟಿ ವಕೀಲರು ಸಿಗಬೇಕು ಅಂತ 1987ರ ಕಾಯ್ದೆಯಲ್ಲೇ ಇದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಬಿಟ್ಟಿ ವಕೀಲರು ಅಂದರೆ ಕಾಟಾಚಾರ ಅಂತ ಅವನ ಭಾವ ಮೂಗು ಮುರಿದಿದ್ದ. ಆಯಮ್ಮ 1978ರದ್ದು, 2023ರದ್ದು ಎರಡೂ ಆದೇಶದ ಪ್ರತಿ ಲಗತ್ತಿಸಿ ಅರ್ಜಿ ಹಾಕಿದರು. ಒಬ್ಬ ಜಾಮೀನುದಾರನ ಬದಲು ನಗದು ಕಟ್ಟಲು ಬಿಡಿ, ಇನ್ನೊಬ್ಬ ಈ ಕಡೆಯವನಾದರೂ ಪರವಾಗಿಲ್ಲ ಅಂತ ಒಪ್ಪಿಸಿದರು. ನಗದಿಗೆ ಅಕ್ಕನ ಓಲೆ ಅಡವಿಗೆ ಹೋಯಿತು. ಈ ಕಡೆಯ ಜಾಮೀನುದಾರ ಯಾರು ಅಂತೀಯ? ಅದೇ ಚಿಕ್ಕಪ್ಪ. ಸೊಸೈಟಿ ಸಾಲ ತೀರಿಸಿದ್ದ, 11ನೇ ಕಾಲಂನಲ್ಲಿ ತೆಗೆಸಿರಲಿಲ್ಲ ಅಷ್ಟೇ. ಅದನ್ನು ತೆಗೆಸಿ, ಬೆಳೆಸಾಲ ಕಳೆದರೂ ಜಮೀನಿನ ಬೆಲೆ ಜಾಮೀನಿಗೆ ಸಾಕಾಗುತ್ತೆ ಅಂತ ತಹಶೀಲ್ದಾರ್ ಹತ್ತಿರ ಸಾಲ್ವೆನ್ಸಿ ಸರ್ಟಿಫಿಕೇಟ್ ಮಾಡಿಸಿ, ಪಹಣಿಯನ್ನು ತೆಲುಗಿಗೆ ಇಳಿಸಿ ನೋಟರಿ ಹಾಕಿಸಿ ಕೊಟ್ಟೆವು. ತೆಲುಗಿಗೆ ಇಳಿಸಿದ್ದು ಯಾರು ಅಂತ ಬೇರೆ ಹೇಳಬೇಕಾ.

ಅವತ್ತು ಬಿಡುಗಡೆ ಆದೇಶ ಜೈಲು ಮುಟ್ಟೋ ಹೊತ್ತಿಗೆ ಎಲ್ಲರನ್ನೂ ಒಳಗೆ ಹಾಕಿ ರಾತ್ರಿಯ ಬೀಗ ಹಾಕಿಯಾಗಿತ್ತು. ಟೆಂಪೊದವರೆಲ್ಲ ರಾತ್ರಿ ಅಕ್ಕನ ಮನೆಯಲ್ಲಿ ಸಾಲಾಗಿ ಮಲಗಿದರು. ಬೆಳಿಗ್ಗೆ ಬಂದವನು ಮೊದಲು ಕೇಳಿದ್ದು ಚಟ್ನಿಪುಡಿ ತಂದಿದ್ದೀರಾ ಅಂತ.

ಹಂಗಾಗಿ "ನೀವು ಕರ್ನಾಟಕದವರು ತಾನೇ" ಅಂತ ಕೇಳಬೇಡ, ಹೊಟ್ಟೆ ಉರಿಯುತ್ತೆ. ಚಿತ್ರದುರ್ಗಕ್ಕೆ ಹೋದರೆ ನಮ್ಮ ಮಾತಿನ ಧಾಟಿ ಕೇಳಿ "ಆಂಧ್ರದವರಾ?" ಅನ್ನುತ್ತಾರೆ. ಆ ಕಡೆ ಹೋದರೆ "ಮೀರು ಕನ್ನಡಂ ವಾಳ್ಳು", ನೀವು ಕನ್ನಡದವರು ಅಂತ ಪಹಣಿ ಪಕ್ಕಕ್ಕಿಡುತ್ತಾರೆ. ನಮ್ಮ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದಲ್ಲಿ ಅಶೋಕ ಬಂಡೆ ಮೇಲೆ ಬರೆಸಿ ಹೋಗಿದ್ದಾನೆ, ಅವನಿಗೆ ನಮ್ಮ ವಿಳಾಸ ಗೊತ್ತಿತ್ತು. ಮನೆಯಲ್ಲಿ ತೆಲುಗು ಮಾತಾಡಿದರೂ ನಮ್ಮ ಲೆಕ್ಕ, ಜಗಳ, ಹರಕೆ ಎಲ್ಲಾ ಕನ್ನಡದಲ್ಲೇ. ಎರಡು ಭಾಷೆ ಬರೋದು ನಮ್ಮ ತಪ್ಪಾ?

ನೀನು ನಿಜವಾಗಿ ಸಹಾಯ ಮಾಡಬೇಕು ಅಂದರೆ ಒಂದು ಕೆಲಸ ಮಾಡು. ನಿನಗೆ ಅಲ್ಲಿ ಹೈಕೋರ್ಟಿನ ವಕೀಲರ ಪರಿಚಯ ಇದೆಯಲ್ಲ, ಆ 1978ರ ತೀರ್ಪು, 2023ರ ಆದೇಶ ಎರಡರದ್ದೂ ಅಚ್ಚುಕಟ್ಟಾದ ತೆಲುಗು ಅನುವಾದ ಎಲ್ಲಾದರೂ ಸಿಗುತ್ತಾ ಕೇಳಿ ನೋಡು. ಇಂಗ್ಲಿಷ್ ಪ್ರತಿ ನನ್ನ ಮಷಿನ್ ಪಕ್ಕದಲ್ಲೇ ಕಟ್ಟು ಕಟ್ಟಿ ಇಟ್ಟಿದ್ದೇನೆ, ಪಹಣಿ ತೆಗೆಸೋಕೆ ಬಂದವರಿಗೆ ಜೊತೆಗೆ ಕೊಟ್ಟು ಕಳಿಸುತ್ತೇನೆ. ಅದಕ್ಕೆ ಜೆರಾಕ್ಸ್ ದುಡ್ಡು ತಗೊಳ್ಳಲ್ಲ. ಪಹಣಿಗೆ ಮಾತ್ರ ತಗೊಳ್ತೀನಿ, ಅಂಗಡಿ ಬಾಡಿಗೆ ಕಟ್ಟಬೇಕಲ್ಲ.